ಓದುಗರ ಕಟ್ಟೆ: ಕೈಮಾತು ಕಲಿಯುವವರಿಗೆ

ಸೆಪ್ಟೆಂಬರ್ 23 ಅಂತರರಾಷ್ಟ್ರೀಯ ಸಂಜ್ಞಾ ಭಾಷೆಗಳ ದಿನ. ಅದರ ನೆಪದಲ್ಲಿ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ಆರಿಸಿದ್ದೇವೆ. ಉತ್ತರಿಸಿದವರು ಸಂಜ್ಞಾ ಭಾಷೆ ಕಲಿಸುವವರು ಮತ್ತು ದುಭಾಷಿಗಳು.

ನಮ್ಮ ತರಗತಿಗೆ ಈ ವರ್ಷ ಒಬ್ಬ ಕಿವುಡ ಹುಡುಗಿ ಸೇರಿದ್ದಾಳೆ. ಅವಳ ಜೊತೆ ಮಾತಾಡಬೇಕೆಂದು ಯೂಟ್ಯೂಬ್ ನೋಡಿ ಎರಡು ತಿಂಗಳು ಕೂತು ಎಬಿಸಿಡಿ ಪೂರ್ತಿ ಕಲಿತೆ. ಮಾಡಿ ತೋರಿಸಿದರೆ ನಕ್ಕುಬಿಟ್ಟಳು. ನಾನು ಮಾಡಿದ ತಪ್ಪೇನು?
— ಬಿ.ಎ. ವಿದ್ಯಾರ್ಥಿನಿ, ಕಲಬುರಗಿ

ನೀವು ಕಲಿತದ್ದು ಬಹುಶಃ ಅಮೆರಿಕದ್ದು. ಗುರುತಿಸುವುದು ಸುಲಭ: ಅಲ್ಲಿ ಇಪ್ಪತ್ತಾರು ಅಕ್ಷರವನ್ನೂ ಒಂದೇ ಕೈಯಲ್ಲಿ ಮಾಡುತ್ತಾರೆ. ಭಾರತೀಯ ಸಂಜ್ಞಾ ಭಾಷೆಯಲ್ಲಿ ಹೆಚ್ಚಿನ ಅಕ್ಷರಗಳಿಗೆ ಎರಡೂ ಕೈ ಬೇಕು. ಜಗತ್ತಿಗೆಲ್ಲ ಒಂದೇ ಸನ್ನೆ ಭಾಷೆ ಇದೆ ಅನ್ನುವುದು ಕೇಳುವವರ ಕಲ್ಪನೆ. ಅಮೆರಿಕ, ಬ್ರಿಟನ್ ಎರಡೂ ಕಡೆ ಆಡುವುದು ಇಂಗ್ಲಿಷ್, ಆದರೂ ಅಲ್ಲಿನ ಕಿವುಡರ ಭಾಷೆ ಒಬ್ಬರದು ಇನ್ನೊಬ್ಬರಿಗೆ ತಿಳಿಯುವುದಿಲ್ಲ.

ಎರಡನೆಯ ತೊಡಕು ಇದಕ್ಕಿಂತ ದೊಡ್ಡದು. ಅಕ್ಷರ ಕಲಿತರೆ ಭಾಷೆ ಬಂದಂತಲ್ಲ. ಬೆರಳಕ್ಷರ ಬೇಕಾಗುವುದು ಹೆಸರಿಗೆ, ಊರಿಗೆ, ಸನ್ನೆ ಗೊತ್ತಿಲ್ಲದ ಪದಕ್ಕೆ. ಇಡೀ ಮಾತನ್ನು ಅಕ್ಷರ ಅಕ್ಷರವಾಗಿ ಬಿಡಿಸುತ್ತ ಹೋದರೆ ಎದುರಿಗಿದ್ದವರಿಗೆ ಕಣ್ಣು ಸೋಲುತ್ತದೆ, ಸಹನೆಯೂ ಸೋಲುತ್ತದೆ. ವಾಕ್ಯದಿಂದ ಶುರು ಮಾಡಿ. ಇಲ್ಲಿ ಕನ್ನಡದವರಿಗೆ ಒಂದು ಅನುಕೂಲವೂ ಇದೆ. "ನಾಳೆ ನಾನು ಬೀದರಿಗೆ ಹೋಗುವುದಿಲ್ಲ" ಎಂಬುದು ಕೈಯಲ್ಲಿ "ನಾಳೆ – ನಾನು – ಬೀದರ್ – ಹೋಗು – ಇಲ್ಲ" ಎಂದಾಗುತ್ತದೆ. ಕಾಲ ಮೊದಲು, ಕ್ರಿಯೆ ಕೊನೆಗೆ, ಇಲ್ಲ ಅನ್ನುವುದು ಅದರ ಹಿಂದೆ. ಪ್ರಶ್ನೆಯೂ ಕೊನೆಗೇ ಬರುತ್ತದೆ. ಎಲ್ಲಿ, ಯಾವಾಗ, ಯಾರು, ಎಷ್ಟು ಎಂದು ಒಂದೊಂದಕ್ಕೆ ಬೇರೆ ಸನ್ನೆ ಹುಡುಕಬೇಕಾಗಿಲ್ಲ. ಒಂದೇ ಪ್ರಶ್ನೆಯ ಸನ್ನೆಯನ್ನು ಬೇರೆ ಪದಕ್ಕೆ ಜೋಡಿಸುವ ರೂಢಿ ಇದೆ. ಜಾಗ–ಏನು ಅಂದರೆ ಎಲ್ಲಿ, ಮುಖ–ಏನು ಅಂದರೆ ಯಾರು, ಟೈಮ್–ಏನು ಅಂದರೆ ಯಾವಾಗ. ಆಗ ಗದ್ದ ತುಸು ಮೇಲೆ ಎತ್ತಬೇಕು. ನಮ್ಮ ಕಡೆ ಬಾಯಿ ತೆರೆಯದೆ ಗದ್ದ ಎತ್ತಿಯೇ "ಏನಪಾ?" ಅನ್ನುತ್ತೇವಲ್ಲ, ಹೆಚ್ಚುಕಡಿಮೆ ಹಾಗೆಯೇ. ಹೌದೋ ಅಲ್ಲವೋ ಎಂದು ಕೇಳುವಾಗ ಕಣ್ಣರಳಿಸಿ ಸ್ವಲ್ಪ ಮುಂದಕ್ಕೆ ಬಾಗುತ್ತಾರೆ. ಮುಖ ಮರದ ಹಲಗೆಯಂತಿದ್ದರೆ ಪ್ರಶ್ನೆ ಪ್ರಶ್ನೆಯೇ ಆಗುವುದಿಲ್ಲ. ಹೊಸಬರಿಗೆ ಹೆಚ್ಚು ತಪ್ಪುವುದು ಕೈಯಲ್ಲ, ಮುಖ.

ವಿಭಕ್ತಿ ಪ್ರತ್ಯಯಗಳ ಕೆಲಸವನ್ನು ಇಲ್ಲಿ ಜಾಗವೇ ಮಾಡುತ್ತದೆ. "ಕೊಡು" ಎಂಬ ಸನ್ನೆ ನಿಮ್ಮಿಂದ ಅವಳ ಕಡೆ ಚಲಿಸಿದರೆ ನಾನು ನಿನಗೆ ಕೊಡುತ್ತೇನೆ, ಅವಳಿಂದ ನಿಮ್ಮ ಕಡೆ ಬಂದರೆ ನೀನು ನನಗೆ ಕೊಡು. ಸಂಬಂಧದ ಪದಗಳು ಜೋಡಿಯಾಗಿ ಬರುತ್ತವೆ: ಗಂಡು ಎಂಬುದಕ್ಕೆ ಮೀಸೆ, ಹೆಣ್ಣು ಎಂಬುದಕ್ಕೆ ಮೂಗುತಿಯ ಜಾಗ; ಅದರ ಹಿಂದೆ ಒಡಹುಟ್ಟು ಎಂಬ ಸನ್ನೆ ಮಾಡಿದರೆ ಅಣ್ಣತಮ್ಮ, ಅಕ್ಕತಂಗಿ.

ಅಭ್ಯಾಸಕ್ಕೆ ದಿನಕ್ಕೆ 20 ನಿಮಿಷ ಸಾಕು, ಹೊಸ ಸನ್ನೆ ಎಂಟು ಹತ್ತಕ್ಕಿಂತ ಹೆಚ್ಚು ಬೇಡ. ಫೋನನ್ನು ಎದೆಯ ಎತ್ತರಕ್ಕೆ ನಿಲ್ಲಿಸಿ ವಿಡಿಯೊ ಮಾಡಿಕೊಂಡು ಐದು ಅಂಶ ತಾಳೆ ನೋಡಿ: ಕೈಯ ಆಕಾರ, ಮೈಯ ಯಾವ ಜಾಗದಲ್ಲಿ, ಚಲನೆ, ಅಂಗೈ ಯಾವ ಕಡೆ, ಮುಖಭಾವ. ಐದರಲ್ಲಿ ಒಂದು ಬದಲಾದರೂ ಅರ್ಥ ಬದಲಾಗಬಹುದು. ಎಡಗೈಯವರಾದರೆ ಎಡಗೈಯಲ್ಲೇ ಮಾಡಿ, ತಪ್ಪಲ್ಲ. ಮಾತಾಡುವಾಗ ಅವಳ ಕೈಯನ್ನಲ್ಲ, ಮುಖವನ್ನು ನೋಡಿ. ಕೈ ಕಣ್ಣಂಚಿನಲ್ಲಿ ತಾನಾಗಿ ಕಾಣುತ್ತದೆ. ತಿಳಿಯದಿದ್ದರೂ ತಿಳಿದವರಂತೆ ತಲೆ ಆಡಿಸುವುದು ಎಲ್ಲಕ್ಕಿಂತ ಕೆಟ್ಟ ಚಾಳಿ, ಅದು ಅವರಿಗೆ ತಕ್ಷಣ ಗೊತ್ತಾಗುತ್ತದೆ.

ದೆಹಲಿಯಲ್ಲಿ 2015ರಲ್ಲಿ ಶುರುವಾದ ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರದ ವಿಡಿಯೊ ನಿಘಂಟು ಉಚಿತ. 2018ರಲ್ಲಿ 3,000 ಪದಗಳಿಂದ ಹೊರಟದ್ದು 2021ಕ್ಕೆ 10,000 ಮುಟ್ಟಿತು. ಅವರದೇ ‘ಸೈನ್ ಲರ್ನ್’ ಆ್ಯಪ್ ಕೂಡ ಇದೆ. ನಿಘಂಟಿನ ಸನ್ನೆಯೂ ನಿಮ್ಮ ಗೆಳತಿಯ ಸನ್ನೆಯೂ ಬೇರೆಯಾದರೆ ಗೆಳತಿಯದನ್ನೇ ಹಿಡಿಯಿರಿ. ಊರೂರಿಗೆ ಪದ ಬದಲಾಗುತ್ತದೆ, ವ್ಯಾಕರಣದ ಜಾಡು ಬಹುಪಾಲು ಒಂದೇ. ಇನ್ನೊಂದು ಮಾತು. ಅವಳು ನಿಮ್ಮ ಪುಕ್ಕಟೆ ಮೇಷ್ಟ್ರಲ್ಲ. ಕ್ಯಾಂಟೀನಿನಲ್ಲಿ ಚಹಾ ಕುಡಿಯಲು ಬಂದವಳಿಗೆ "ಇದಕ್ಕೇನು, ಅದಕ್ಕೇನು" ಎಂದು ಗಂಟು ಬೀಳಬೇಡಿ. ಕೇಳಿ, ಒಪ್ಪಿದರೆ ವಾರಕ್ಕೊಂದು ಹೊತ್ತು ಗೊತ್ತು ಮಾಡಿಕೊಳ್ಳಿ.

ನಮ್ಮ ಮಗಾ ಮೂರು ವರ್ಷದಾಂವ. ಕಿವಿ ಕೇಳಂಗಿಲ್ಲ ಅಂತ ಡಾಕ್ಟರ್ ಹೇಳಿ ಮಷೀನ್ ಹಾಕ್ಯಾರ. ಕೈಸನ್ನಿ ಕಲಿಸಿದ್ರ ಮಾತಾಡೋದು ಕಲಿಯಂಗಿಲ್ಲ, ಮೈಗಳ್ಳ ಆಗ್ತಾನ ಅಂತ ನಮ್ಮತ್ತಿ ಅಂತಾರ. ಖರೇ ಏನ್ರೀ?
— ತಾಯಿ, ಆಳಂದ ತಾಲ್ಲೂಕು

ಖರೇ ಅಲ್ಲ, ತಾಯಿ. ನಿಮ್ಮತ್ತೆಯವರೊಬ್ಬರದೇ ಮಾತೂ ಅಲ್ಲ ಅದು. 1880ರಲ್ಲಿ ಇಟಲಿಯ ಮಿಲಾನಿನಲ್ಲಿ ಕಿವುಡ ಮಕ್ಕಳ ಶಿಕ್ಷಕರ ಸಮ್ಮೇಳನ ಶಾಲೆಗಳಲ್ಲಿ ಸನ್ನೆ ಬೇಡ, ಬಾಯಿಮಾತು ಮಾತ್ರ ಸಾಕೆಂದು ಗೊತ್ತುವಳಿ ಮಾಡಿತು. 130 ವರ್ಷ ಕಳೆದು 2010ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಅದೇ ಸಮ್ಮೇಳನದ ಪರಂಪರೆಯವರು ಸೇರಿ ಆ ಗೊತ್ತುವಳಿಯನ್ನು ತಳ್ಳಿಹಾಕಿ ವಿಷಾದ ಹೇಳಿದರು. ಅಷ್ಟರಲ್ಲಿ ಆ ಮಾತು ಊರೂರು ತಲುಪಿಯಾಗಿತ್ತು.

ಮಗುವಿನ ಮಿದುಳಿಗೆ ಮೊದಲ ಐದು ವರ್ಷದಲ್ಲಿ ಪೂರ್ಣವಾದ ಒಂದು ಭಾಷೆ ಸಿಗಬೇಕು. ಅದು ಕಿವಿಯಿಂದ ಬಂತೋ ಕಣ್ಣಿನಿಂದ ಬಂತೋ ಎಂಬುದು ಮಿದುಳಿಗೆ ದೊಡ್ಡ ವಿಷಯವಲ್ಲ. ಬರದೇ ಹೋದರೆ ಮಾತ್ರ ಮುಂದೆ ಓದು, ಲೆಕ್ಕ, ಸಿಟ್ಟಿನ ಹತೋಟಿ ಎಲ್ಲಕ್ಕೂ ಪೆಟ್ಟು. ಮಷೀನೂ ಇರಲಿ, ಮಾತಿನ ತರಬೇತಿಯೂ ನಡೆಯಲಿ, ಸನ್ನೆಯೂ ಬರಲಿ. ಒಂದು ಬಂದರೆ ಇನ್ನೊಂದು ಓಡಿಹೋಗುವುದಿಲ್ಲ.

ಮನೆಯಲ್ಲಿ ಹೀಗೆ ಮಾಡಿ. ಕೂಸು ಒಮ್ಮೆಗೇ ಎರಡು ಕಡೆ ನೋಡಲಾರದು. ನೀವು ರೊಟ್ಟಿ ಬಡಿಯುತ್ತ ಕೂತಿದ್ದೀರಿ, ಅವನು ಹಿಟ್ಟನ್ನೇ ನೋಡುತ್ತಿದ್ದಾನೆ. ಆಗ ಹೇಳಿದ್ದು ಅವನಿಗೆ ತಲುಪುವುದಿಲ್ಲ. ಅವನು ಸಾಕಷ್ಟು ನೋಡಲಿ. ತಲೆ ಎತ್ತಿ ನಿಮ್ಮ ಮುಖ ನೋಡಿದ ಕೂಡಲೇ ಬಡಿಯುವುದು ನಿಲ್ಲಿಸಿ, ಹಿಟ್ಟುಗೈಯಲ್ಲೇ "ರೊಟ್ಟಿ", "ಬಿಸಿ" ಎಂದು ಮಾಡಿ, ಮತ್ತೆ ಬಡಿಯಿರಿ. ನೋಡು, ಹೇಳು, ಮತ್ತೆ ನೋಡು. ಗದ್ದ ಹಿಡಿದು ಮುಖ ತಿರುಗಿಸಬೇಡಿ. ಮೊದಲ ತಿಂಗಳು ಊಟ, ನೀರು, ಬೇಕು, ಸಾಕು, ಇನ್ನೂ, ಬಾ, ಎಲ್ಲಿ, ನೋವು ಇಷ್ಟಿದ್ದರೆ ಸಾಕು. "ನೋವು" ಎಂಬುದನ್ನು ನೋಯುವ ಜಾಗದಲ್ಲೇ ಮಾಡಿ ತೋರಿಸಿ. ಹೊಟ್ಟೆಯೋ ಕಿವಿಯೋ ಎಂದು ಅವನೇ ಹೇಳುವ ದಿನ ಬಲು ಬೇಗ ಬರುತ್ತದೆ. ಅತ್ತೆಯವರೂ ಈ ಎಂಟು ಪದ ಕಲಿಯಲಿ. ಅಮ್ಮನ ಜೊತೆ ಮಾತ್ರ ಮಾತಾಡಬಲ್ಲ ಮಗು ತುಂಬಿದ ಮನೆಯಲ್ಲೂ ಒಂಟಿ.

ಮಷೀನ್ ಸೀಟಿ ಹೊಡೆದರೆ ಕೆಟ್ಟಿತೆಂದು ತೆಗೆದಿಡಬೇಡಿ. ಬಹಳ ಸಲ ಕಿವಿಯೊಳಗಿನ ಅಚ್ಚು ಸಡಿಲಾಗಿರುತ್ತದೆ. ಈ ವಯಸ್ಸಿನಲ್ಲಿ ಕಿವಿ ಬೆಳೆಯುತ್ತಲೇ ಇರುತ್ತದೆ, ಅಚ್ಚನ್ನು ಆಗಾಗ ಹೊಸದಾಗಿ ಮಾಡಿಸಬೇಕು. ನಮ್ಮ ಬೇಸಿಗೆಯ ಬೆವರು ಇನ್ನೊಂದು ಶತ್ರು: ರಾತ್ರಿ ಬ್ಯಾಟರಿ ತೆಗೆದು, ಮಷೀನನ್ನು ತೇವ ಹೀರುವ ಸಿಲಿಕಾ ಹರಳಿನ ಡಬ್ಬಿಯಲ್ಲಿಡಿ. ಯುಡಿಐಡಿ ಕಾರ್ಡ್ (ವಿಕಲಚೇತನರ ಗುರುತಿನ ಚೀಟಿ) ಮಾಡಿಸಿಲ್ಲವಾದರೆ ಗ್ರಾಮ ಪಂಚಾಯ್ತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ.

ನಮ್ಮದು ಬಿದರಿ ಕೆಲಸದ ಸಣ್ಣ ಕಾರ್ಖಾನೆ. ಹೊಸದಾಗಿ ಬಂದ ಹುಡುಗನ ಕೈ ಬಹಳ ಚೊಕ್ಕ, ಆದರೆ ಕಿವಿ ಕೇಳುವುದಿಲ್ಲ. ಕರೆಯಲು ತಂತಿಯ ಚೂರು ಎಸೆಯುತ್ತೇವೆ. ಹೇಳಿದ್ದರಲ್ಲಿ ಅರ್ಧ ತಿಳಿಯುತ್ತದೆ, ಅರ್ಧ ಬಿಡುತ್ತಾನೆ. ಏನು ಮಾಡಬೇಕು?
— ಕಾರ್ಖಾನೆ ಮಾಲೀಕರು, ಬೀದರ್

ಎಸೆಯುವುದನ್ನು ಇವತ್ತೇ ಬಿಡಿ. ಅವಮಾನದ ಮಾತು ಹಾಗಿರಲಿ, ಉಳಿ ಹಿಡಿದು ಕೆತ್ತುತ್ತಿರುವವನು ಬೆಚ್ಚಿದರೆ ಉಳಿ ಜಾರುತ್ತದೆ. ಹೂದಾನಿ ಹಾಳಾಗುತ್ತದೆ, ಇಲ್ಲವೇ ಅಂಗೈ ಸೀಳುತ್ತದೆ. ಹಿಂದಿನಿಂದ ಬಂದು ಮುಟ್ಟುವುದೂ ಅಷ್ಟೇ ಅಪಾಯ. ಸುತ್ತಿಗೆ ಮೇಲೆತ್ತಿ ನಿಂತ ಕ್ಷಣ ಕಾದು, ಮುಂದಿನಿಂದಲೋ ಪಕ್ಕದಿಂದಲೋ ಅವನ ಕಣ್ಣಳತೆಗೆ ಬಂದು ಕೈ ಬೀಸಿ. ಕಾಲು ಕುಟ್ಟಿ ಕರೆಯಿರಿ ಎಂದು ಕೆಲವರು ಹೇಳುತ್ತಾರೆ. ಅದು ಮರದ ನೆಲಕ್ಕೆ ಸರಿ, ನಮ್ಮ ಶಹಾಬಾದ್ ಫರಸಿಯ ಮೇಲೆ ಎಷ್ಟು ಕುಟ್ಟಿದರೂ ಅದುರು ಹರಿಯುವುದಿಲ್ಲ. ಮರದ ಮಣೆಯೋ ಮೇಜೋ ಇದ್ದರೆ ಅದರ ಮೇಲೆ ಎರಡು ಸಲ ತಟ್ಟಿ. ಎಲ್ಲಕ್ಕಿಂತ ಒಳ್ಳೆಯದು ಅವನ ತಲೆಯ ಮೇಲೊಂದು ಬಲ್ಬ್, ಅದರ ಸ್ವಿಚ್ ನಿಮ್ಮ ಹತ್ತಿರ. ಎರಡು ಸಲ ಆರಿಸಿ ಹಚ್ಚಿದರೆ ತಿರುಗಿ ನೋಡುತ್ತಾನೆ. ಬೆನ್ನು ಗೋಡೆಗೆ, ಮುಖ ಬಾಗಿಲಿಗೆ ಬರುವಂತೆ ಕೂರಿಸಿ.

ಅರ್ಧ ತಿಳಿಯುವುದಕ್ಕೆ ಕಾರಣ ನೀವು ಕೈಯಲ್ಲಿ ಕೆಲಸ ತೋರಿಸುತ್ತಲೇ ಬಾಯಲ್ಲಿ ಹೇಳುವುದು. ಕೇಳುವ ಹುಡುಗನಿಗೆ ಅದು ನಡೆಯುತ್ತದೆ: ಕಣ್ಣು ಕೆಲಸದ ಮೇಲೆ, ಕಿವಿ ನಿಮ್ಮ ಮೇಲೆ. ಇವನಿಗೆ ಎರಡೂ ಕಣ್ಣಿನಿಂದಲೇ ಆಗಬೇಕು. ಮೊದಲು ಹೇಳಿ, ಕೈ ಕೆಳಗಿಟ್ಟು. ಆಮೇಲೆ ಸುಮ್ಮನೆ ಮಾಡಿ ತೋರಿಸಿ. ಆಮೇಲೆ ಅವನು ಮಾಡಲಿ. ಮೂರೂ ಬೇರೆ ಬೇರೆ.

ಎರಕದ ಹತ್ತಿರ ವಿಶೇಷ ಎಚ್ಚರ. ಸತು ಕರಗುವುದು ಸುಮಾರು 420 ಡಿಗ್ರಿಗೆ. ತೇವ ತಗುಲಿದರೆ ಸಿಡಿಯುತ್ತದೆ. ಉಳಿದವರು ಚುರ್ ಎಂಬ ಸದ್ದಿಗೇ ಹಿಂದೆ ಸರಿಯುತ್ತಾರೆ, ಅವನಿಗೆ ಆ ಸೂಚನೆ ಇಲ್ಲ. ಕುಲುಮೆಗೆ ಬೆನ್ನು ಹಾಕಿ ಅವನನ್ನು ಕೂರಿಸಲೇಬೇಡಿ. ನಿಲ್ಲು, ಬಿಸಿ, ದೂರ ಎಂಬ ಮೂರು ಸನ್ನೆ ಕಾರ್ಖಾನೆಯ ಪ್ರತಿಯೊಬ್ಬರಿಗೂ ಬಾಯಿಪಾಠದಂತೆ ಕೈಪಾಠ ಆಗಿರಲಿ. ಉಳಿ, ಬೆಳ್ಳಿ ತಂತಿ, ಮೈಲುತುತ್ತ, ಕೋಟೆಯ ಮಣ್ಣು, ನವಸಾಗರ ಇವಕ್ಕೆ ಸನ್ನೆ ನೀವು ಕಟ್ಟಬೇಡಿ, ಅವನೇ ಕಟ್ಟಲಿ. ಅವನ ಭಾಷೆಗೆ ಹೊಂದುವಂತೆ ಕಟ್ಟುತ್ತಾನೆ, ನೀವು ಕಲಿಯಿರಿ. ಕೂಲಿ, ಮುಂಗಡ, ರಜೆ ಇದೆಲ್ಲ ಗೋಡೆಯ ಕ್ಯಾಲೆಂಡರಿನ ಮೇಲೆ ಅಂಕಿಯಲ್ಲಿ ಬರೆದು ಇಬ್ಬರೂ ನೋಡಿ ಒಪ್ಪಿಕೊಳ್ಳಿ.

ಬಸ್ಸಿನಲ್ಲಿ ಕಿವುಡ ಪ್ರಯಾಣಿಕರಿಗೆ ಜೋರಾಗಿ, ಬಿಡಿಸಿ ಬಿಡಿಸಿ ಹೇಳುತ್ತೇನೆ. ಬಾಯಿ ನೋಡಿ ತಿಳಿದುಕೊಳ್ಳುತ್ತಾರಲ್ಲವೇ?
— ನಿರ್ವಾಹಕ, ಯಾದಗಿರಿ

ಅಷ್ಟಾಗಿ ಇಲ್ಲ. ಕನ್ನಡಿಯ ಮುಂದೆ ನಿಂತು ದನಿ ಹೊರಡಿಸದೆ ಪಾಪಾ, ಬಾಬಾ, ಮಾಮಾ ಅನ್ನಿ. ಮೂರಕ್ಕೂ ತುಟಿ ಒಂದೇ. "ಮಾವ ಬಂದ", "ಭಾವ ಬಂದ" ಕೂಡ ಹಾಗೆಯೇ. ಕ, ಗ, ಹ ಗಂಟಲ ಹತ್ತಿರ ಹುಟ್ಟುತ್ತವೆ, ಹೊರಗೆ ಕಾಣುವುದೇ ಇಲ್ಲ. ಕೂಗಿದರೆ ತುಟಿ ಸೊಟ್ಟಗಾಗುತ್ತದೆ, ಇದ್ದ ಸುಳಿವೂ ಹೋಗುತ್ತದೆ. ಬಾಯಲ್ಲಿ ಎಲೆಅಡಿಕೆ ಇದ್ದರಂತೂ ಕೇಳಲೇಬೇಡಿ.

ಟಿಕೆಟ್ ಯಂತ್ರದ ಪರದೆಯನ್ನು ಅವರ ಕಡೆ ತಿರುಗಿಸಿ, ಊರೂ ದುಡ್ಡೂ ಕಾಣುತ್ತದೆ. ಶಹಾಪುರವೋ ಸುರಪುರವೋ ಎಂಬ ಗೊಂದಲಕ್ಕೆ ಫಲಕದ ಮೇಲೆ ಬೆರಳಿಟ್ಟು ತೋರಿಸಿ. ಬಸ್ ಕೆಟ್ಟು ನಿಂತಾಗ, ದಾರಿ ಬದಲಾದಾಗ ಎಲ್ಲರಿಗೂ ಕೂಗಿ ಹೇಳುತ್ತೀರಿ, ಅವರೊಬ್ಬರು ಕಿಟಕಿ ನೋಡುತ್ತ ಕೂತಿರುತ್ತಾರೆ. ಆಗ ಹತ್ತಿರ ಹೋಗಿ ಫೋನಿನಲ್ಲಿ ಎರಡು ಪದ ಟೈಪ್ ಮಾಡಿ ತೋರಿಸಿದರೆ ನಿಮ್ಮ ಕೆಲಸ ಪೂರ್ತಿ.

ವಾರ್ಡಿಗೆ ಬರುವ ಕಿವುಡ ರೋಗಿಗಳ ಜೊತೆ ಮನೆಯವರು ಇರುತ್ತಾರೆ, ಅವರನ್ನೇ ಕೇಳಿ ಬರೆದುಕೊಳ್ಳುತ್ತೇವೆ. ಇದರಲ್ಲಿ ತಪ್ಪಿದೆಯೇ?
— ಶುಶ್ರೂಷಕಿ, ಕಲಬುರಗಿ

ಇದೆ. ಮನೆಯವರಿಗೆ ಬಹಳ ಸಲ ಬರುವುದು ನಾಲ್ಕಾರು ಮನೆಸನ್ನೆ. ಹೆಣ್ಣುಮಗಳ ಮುಟ್ಟಿನ ತೊಂದರೆಯನ್ನು ತಮ್ಮನ ಮೂಲಕ ಕೇಳಿದರೆ ಅವಳೂ ಹೇಳಲಾರಳು, ಅವನೂ ಕೇಳಲಾರ. ಮಗನಿಗೋ ಮಗಳಿಗೋ ಹತ್ತು ವರ್ಷವಾಗಿದೆಯೆಂದು ಅಮ್ಮನ ಕಾಯಿಲೆಯನ್ನು ಮಕ್ಕಳ ಬಾಯಲ್ಲಿ ಹೇಳಿಸುವುದು ಇನ್ನೂ ಕೆಟ್ಟದ್ದು. ತರಬೇತಾದ ದುಭಾಷಿಯನ್ನು ಕರೆಸಿ, ಇಲ್ಲವೇ ವಿಡಿಯೊ ಕರೆಯಲ್ಲಿ ತನ್ನಿ. ಫೋನ್ ಕೈಯಲ್ಲಿ ಹಿಡಿಯಬೇಡಿ, ಮೇಜಿನ ಮೇಲೆ ನಿಲ್ಲಿಸಿ. ರೋಗಿಗೆ ಎರಡೂ ಕೈ ಖಾಲಿ ಇರಬೇಕು. ದುಭಾಷಿ ವೈದ್ಯರ ಪಕ್ಕ ಕೂತರೆ ಇಬ್ಬರೂ ಒಂದೇ ನೋಟದಲ್ಲಿ ಕಾಣುತ್ತಾರೆ. ಮಾತು ರೋಗಿಯ ಜೊತೆ: "ಅವರನ್ನು ಕೇಳಿ" ಅಲ್ಲ, "ನಿಮಗೆ ಎಂದಿನಿಂದ ಜ್ವರ?"

ಬರೆದು ತೋರಿಸಿದರೆ ಆಯಿತು ಎಂದುಕೊಳ್ಳಬೇಡಿ. ಹುಟ್ಟಿನಿಂದ ಕಿವುಡರಾದವರಿಗೆ ಕನ್ನಡ ಎರಡನೆಯ ಭಾಷೆ, ಕಿವಿಯಿಂದ ಬಂದದ್ದಲ್ಲ. "ಊಟಕ್ಕೆ ಅರ್ಧ ಗಂಟೆ ಮುಂಚೆ" ಎಂಬುದರಲ್ಲಿ ಅವರಿಗೆ ಊಟ, ಅರ್ಧ, ಗಂಟೆ ಕಾಣಬಹುದು, "ಕ್ಕೆ ಮುಂಚೆ" ತಪ್ಪಿಹೋಗಬಹುದು. ಗುಳಿಗೆ, ಬಾಣ, ಗಡಿಯಾರ, ಬಾಣ, ತಟ್ಟೆ ಎಂದು ಚಿತ್ರ ಬರೆಯಿರಿ. "ತಿಳೀತಾ?" ಎಂದರೆ ಎಲ್ಲರೂ ತಲೆ ಆಡಿಸುತ್ತಾರೆ. "ಯಾವಾಗ ತಗೋತೀರಿ, ತೋರಿಸಿ" ಎಂದು ಕೇಳಿ.

ಸಲೈನ್ ಹಾಕುವ ಮುಂಚೆ ಯಾವ ಕೈಯಲ್ಲಿ ಹೆಚ್ಚು ಮಾತಾಡುತ್ತೀರಿ ಎಂದು ಕೇಳಿ ಇನ್ನೊಂದು ಕೈಗೆ ಹಾಕಿ. ಬಲಗೈಗೆ ಸೂಜಿ, ಎಡಗೈಗೆ ಬಿಪಿ ಪಟ್ಟಿ ಕಟ್ಟಿಬಿಟ್ಟರೆ ಅವರ ಬಾಯಿ ಕಟ್ಟಿದ ಹಾಗೆ. ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು "ಉಸಿರು ಎಳಿ" ಅಂದರೆ ಕಾಣುವುದಿಲ್ಲ. ಒಂದು ತಟ್ಟಿದರೆ ಎಳೆ, ಎರಡು ತಟ್ಟಿದರೆ ಬಿಡು ಎಂದು ಮೊದಲೇ ಗೊತ್ತು ಮಾಡಿ. ಎಕ್ಸ್‌ರೇ, ಕಣ್ಣಿನ ಪರೀಕ್ಷೆಗೆ ದೀಪ ಆರಿಸುವ ಮುಂಚೆಯೇ ಎಲ್ಲ ಹೇಳಿ ಮುಗಿಸಿ.

ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವಕ್ಕೆ ನಮ್ಮ ಶಾಲೆಯ ಮಕ್ಕಳಿಂದ ಸನ್ನೆ ಭಾಷೆಯಲ್ಲಿ ನಾಡಗೀತೆ ಮಾಡಿಸುವ ಆಸೆ. ವಿಡಿಯೊ ನೋಡಿ ಕಲಿಸಬಹುದೇ?
— ಶಿಕ್ಷಕರು, ಹುಮನಾಬಾದ್

ಮೊದಲು ನಿಮ್ಮನ್ನೇ ಕೇಳಿಕೊಳ್ಳಿ: ಅವತ್ತು ಎದುರಿಗೆ ಕೂರುವವರಲ್ಲಿ ಕಿವುಡರು ಎಷ್ಟು ಜನ? ಯಾರೂ ಇಲ್ಲದಿದ್ದರೆ ಅದು ಕೈ ಕುಣಿತ. ಬಣ್ಣದ ಕೈಗವಸು ಹಾಕಿಸಿ, ಪದಕ್ಕೊಂದು ಸನ್ನೆ ಹೊಂದಿಸಿ, ತಾಳಕ್ಕೆ ತಕ್ಕಂತೆ ಕೈ ಆಡಿಸುವ ಪ್ರದರ್ಶನಗಳು ಕಿವುಡರಿಗೆ ಅರ್ಥವಾಗುವುದೇ ಇಲ್ಲ, ಕೇಳುವವರಿಂದ ಮಾತ್ರ ಭರ್ಜರಿ ಚಪ್ಪಾಳೆ. ನಿಜವಾಗಿ ಮಾಡಬೇಕೆಂದಿದ್ದರೆ ಕಿವುಡ ಶಿಕ್ಷಕರೊಬ್ಬರನ್ನು ಆರು ವಾರ ಮುಂಚೆ ಹಿಡಿಯಿರಿ, ಗೌರವಧನವನ್ನೂ ಬಸ್ ಖರ್ಚನ್ನೂ ಮೊದಲೇ ಮಾತಾಡಿ. ಸಾಲಿನ ಅರ್ಥವನ್ನು ಅವರು ಕಟ್ಟಿಕೊಡಲಿ. ವೇದಿಕೆಯಲ್ಲಿ ಬಣ್ಣದ ಮಿಣಕು ದೀಪ ಬೇಡ, ಮಕ್ಕಳ ಮುಖಕ್ಕೆ ಬಿಳಿ ಬೆಳಕು ಬೀಳಲಿ. ಅದಕ್ಕಿಂತ ಮೇಲು, ಇಡೀ ಕಾರ್ಯಕ್ರಮಕ್ಕೆ ದುಭಾಷಿಗಳನ್ನು ಇಟ್ಟು ಕಿವುಡ ಮಕ್ಕಳನ್ನೂ ಅವರ ಮನೆಯವರನ್ನೂ ಮುಂದಿನ ಸಾಲಿಗೆ ಕರೆಯುವುದು. ಒಂದು ಗಂಟೆ ಮೀರಿದರೆ ಇಬ್ಬರು ದುಭಾಷಿಗಳು ಬೇಕು. 20–30 ನಿಮಿಷಕ್ಕೊಮ್ಮೆ ಬದಲಾಗದಿದ್ದರೆ ತಲೆ ದಣಿದು ತಪ್ಪುಗಳು ನುಸುಳುತ್ತವೆ. ಚಪ್ಪಾಳೆಗೆ ಎರಡೂ ಕೈ ಮೇಲೆತ್ತಿ ಬೆರಳು ಅಗಲಿಸಿ ಅಲ್ಲಾಡಿಸುವುದನ್ನು ಇಡೀ ಸಭೆಗೆ ಕಲಿಸಿ.

ಕಿವುಡ, ಮೂಗ, ಶ್ರವಣದೋಷ, ವಿಕಲಚೇತನ... ಯಾವುದು ಸರಿ? ನನ್ನನ್ನು ಗುರುತಿಸುವ ಒಂದು ಸನ್ನೆ, ಅಂದರೆ ಸನ್ನೆಹೆಸರು, ಇಟ್ಟುಕೊಳ್ಳಬಹುದೇ?
— ಓದುಗ, ಸೇಡಂ

ಮೂಗ, ಮೂಕ, ದಖನಿಯಲ್ಲಿ ಗೂಂಗಾ, ಇವು ಬೇಡ. ಅವರಿಗೆ ಮಾತಿದೆ, ನಿಮಗೆ ತಿಳಿಯುವುದಿಲ್ಲ ಅಷ್ಟೇ. ಶ್ರವಣದೋಷ ಕಚೇರಿಯ ಪದ: 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ ಎರಡೂ ಕಿವಿಯಲ್ಲಿ 70 ಡೆಸಿಬೆಲ್ ನಷ್ಟವಿದ್ದರೆ ಕಿವುಡು, 60ರಿಂದ 70ರ ನಡುವೆ ಇದ್ದರೆ ಮಂದಶ್ರವಣ. ಸನ್ನೆ ಭಾಷೆಯನ್ನೇ ಬಾಳುವವರಲ್ಲಿ ಬಹಳ ಮಂದಿ "ನಾನು ಕಿವುಡ" ಎಂದು ಸಂಕೋಚವಿಲ್ಲದೆ ಹೇಳುತ್ತಾರೆ, ಅದು ಅವರ ಸಮುದಾಯದ ಹೆಸರು. ಅದೇ ಪದವನ್ನು ನೀವು ಬೈಗುಳದಂತೆ ಒದರಿದರೆ ಬೈಗುಳವೇ. ಸನ್ನೆಹೆಸರನ್ನು ಕಿವುಡರು ಕೊಡಬೇಕು, ತಾನಾಗಿ ಇಟ್ಟುಕೊಳ್ಳುವಂತಿಲ್ಲ. ಕೆನ್ನೆಯ ಮಚ್ಚೆಯೋ ಕನ್ನಡಕ ಏರಿಸುವ ಚಾಳಿಯೋ ಹೆಸರಾದರೆ ಬೇಸರ ಮಾಡಿಕೊಳ್ಳಬೇಡಿ.

ತಮ್ಮನಿಗೆ ಗೊತ್ತಾದ ಹುಡುಗಿ ಕಿವುಡಿ. ಅವಳ ಕಡೆಯಿಂದ ಮೂವತ್ತು ಜನ ಕಿವುಡ ಗೆಳೆಯರು ಮದುವೆಗೆ ಬರುತ್ತಾರಂತೆ. ಏನೇನು ನೋಡಿಕೊಳ್ಳಬೇಕು?
— ಗುರುಮಠಕಲ್ ತಾಲ್ಲೂಕು

ಅಕ್ಕಿಕಾಳು ಬೀಳುವ ಹೊತ್ತು ಎಲ್ಲರಿಗೂ ವಾದ್ಯದಿಂದ ಗೊತ್ತಾಗುತ್ತದೆ, ಅವರಿಗೆ ಗೊತ್ತಾಗುವುದಿಲ್ಲ. ಮಂಟಪದ ಪಕ್ಕ, ಎಲ್ಲರಿಗೂ ಕಾಣುವ ಎತ್ತರದಲ್ಲಿ ದುಭಾಷಿ ನಿಂತು ಕೈ ಎತ್ತಿ ಸೂಚಿಸಲಿ. ಅವರ ಅಂಗಿ ಅಥವಾ ಸೀರೆ ಮೈಬಣ್ಣಕ್ಕೆ ಎದ್ದು ಕಾಣುವ ಒಂದೇ ಬಣ್ಣದ್ದಿರಲಿ, ಕೈತುಂಬ ಬಳೆ ಬೇಡ. ವಿಡಿಯೊದವನ ದೊಡ್ಡ ಲೈಟು ಕಿವುಡ ಅತಿಥಿಗಳ ಕಣ್ಣಿಗೆ ಹೊಡೆಯದಂತೆ ನೋಡಿ. ಅವರನ್ನು ಮೂಲೆಯಲ್ಲಿ ಕೂರಿಸಬೇಡಿ, ಮಂಟಪ ಕಾಣುವ ಕಡೆ ಕೂರಿಸಿ. ಸನ್ನೆಯಲ್ಲಿ ಮಾತಾಡುತ್ತಿರುವವರ ಮಧ್ಯೆ ಹಾದುಹೋಗಬೇಕಾದರೆ ನಿಂತು ಅಪ್ಪಣೆ ಕೇಳುವುದು ಬೇಡ, ತಲೆ ತುಸು ಬಗ್ಗಿಸಿ ದಾಟಿಬಿಡಿ. ನಿಂತರೇ ಮಾತು ಕಡಿಯುವುದು.

ಊಟದ ಪಂಗ್ತಿ ಒಂದೇ ಸಾಲಾದರೆ ಪಕ್ಕದವರ ಕೈ ಕಾಣುವುದಿಲ್ಲ. ಇವರಿಗೆ ಎದುರುಬದುರು ಎರಡು ಸಾಲು ಹಾಕಿ, ನಡುವೆ ಬಡಿಸುವವರು ಓಡಾಡುವಷ್ಟು ಜಾಗ ಬಿಡಿ. ಬಲಗೈ ಅನ್ನದಲ್ಲಿರುತ್ತದೆ, ಎಡಗೈಯಲ್ಲಿ ಅರ್ಧ ಮಾತು, ಉಳಿದದ್ದಕ್ಕೆ ತುತ್ತು ನಿಲ್ಲಬೇಕು. ಹಾಗಾಗಿ ಇವರ ಊಟ ಇತರರಿಗಿಂತ ನಿಧಾನ. ಮುಂದಿನ ಪಂಗ್ತಿಯವರು ತಲೆಯ ಮೇಲೆ ಬಂದು ನಿಲ್ಲದಂತೆ ಕೊನೆಯ ಪಂಗ್ತಿಗೆ ಇಡುವುದು ವಾಸಿ. ಬಡಿಸುವವರು ಹಿಂದಿನಿಂದ "ಸಾಂಬಾರ್ ಸಾಂಬಾರ್" ಎನ್ನದೆ ಎದುರಿಗೆ ಬಂದು ಪಾತ್ರೆ ತೋರಿಸಲಿ. ಸಂಜೆಯ ಕಾರ್ಯಕ್ರಮವಿದ್ದರೆ ಜನರೇಟರಿಗೆ ಡೀಸೆಲ್ ತುಂಬಿಸಿಡಿ. ಕರೆಂಟ್ ಹೋದರೆ ನಿಮಗೆ ಫ್ಯಾನ್ ಮಾತ್ರ ನಿಲ್ಲುತ್ತದೆ, ಅವರಿಗೆ ಮಾತೇ ನಿಂತುಹೋಗುತ್ತದೆ.